ನಲವತ್ತು ವಾಕ್ಯಗಳಿಗೆ ಭವ್ಯಳ ಉತ್ತರ

ಬಾಗಿಲಲ್ಲಿ ನಿಂತಿದ್ದ ಹೆಂಗಸಿನ ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ ಇತ್ತು. ಅದನ್ನು ಕಂಡದ್ದೇ ಭವ್ಯಳ ಕೈಯಲ್ಲಿದ್ದ ರೇಷ್ಮೆ ದಾರದ ಉಂಡೆ ಜಾರಿ, ಸಿಮೆಂಟು ನೆಲದ ಮೇಲೆ ಉರುಳಿಕೊಂಡು ಮಂಚದಡಿ ಸೇರಿತು.

"ಭವ್ಯ ಅಂದ್ರೆ ನೀವೇನಾ? ನಿಂಗರಾಜು ಅವರ ಮನೆಯವ್ರು?"

"ಊಂ ಮೇಡಂ."

"ನಾನು ಶಿವರಂಜಿನಿ ಅಂತ, ಚಾಮರಾಜನಗರದಿಂದ ಬಂದಿದೀನಿ. ಚಿಕ್ಕ ಮಕ್ಕಳಿರೋ ತಾಯಂದಿರ ಬಗ್ಗೆ ಒಂದು ಅಧ್ಯಯನ ನಡೀತಿದೆ. ನಮ್ಮ ಹತ್ರ ಒಂದು ಲಿಸ್ಟ್ ಇದೆ, ಅದ್ರಲ್ಲಿ ನಿಮ್ಮ ಹೆಸರು ಬಂದಿದೆ."

ಲಿಸ್ಟು ಎಂಬ ಮಾತಿನಾಚೆಗೆ ಭವ್ಯಳಿಗೆ ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಆ ಹೆಂಗಸು ಇನ್ನೂ ಏನೇನೋ ವಿವರಿಸಿದಳು. ಮಕ್ಕಳನ್ನು ಸಾಕುವಾಗ ತಾಯಿಯ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂದು ಅಳೆಯುವುದಂತೆ, ಉತ್ತರ ಗುಟ್ಟಾಗಿ ಇರುತ್ತದಂತೆ, ಇಷ್ಟವಿಲ್ಲದಿದ್ದರೆ ಬೇಡ ಎನ್ನಬಹುದಂತೆ. ಬೇಡ ಅಂದರೆ ಅದನ್ನೂ ಬರೆದುಕೊಳ್ಳುತ್ತಾರೆ ಎಂದುಕೊಂಡಳು ಭವ್ಯ. ಹನ್ನೆರಡು ದಿನದಿಂದ ಅವಳು ಇಂಥ ಯಾರಾದರೂ ಬಂದೇ ಬರುತ್ತಾರೆಂದು ಕಾಯುತ್ತಲೇ ಇದ್ದಳು. ಗುಂಡ್ಲುಪೇಟೆಯ ಆ ವಠಾರದ ಮುಂದೆ ಜೀಪು ನಿಂತರೆ ಸಾಕು, ಕುಕ್ಕರ್ ಆರಿಸಿ ಕಿಟಕಿಗೆ ಓಡುತ್ತಿದ್ದಳು. ಬಂದದ್ದು ಜೀಪಲ್ಲ, ಬಿಸಿಲಿಗೆ ಮುಖ ಕೆಂಪಾದ, ಛತ್ರಿ ಹಿಡಿದ ಒಬ್ಬಳೇ ಹೆಂಗಸು. ಆದರೂ ಬಂದದ್ದು ಬಂದ ಹಾಗೇ.

ಶಿವರಂಜಿನಿ ಚಾಪೆಯ ಮೇಲೆ ಕಾಲು ಮಡಿಸಿ ಕೂತು ಚೀಲದಿಂದ ಟ್ಯಾಬ್ ತೆಗೆದಳು. ನಲವತ್ತು ವಾಕ್ಯ ಓದುತ್ತೇನೆ, ಒಂದೊಂದಕ್ಕೂ ಐದು ಉತ್ತರಗಳಲ್ಲಿ ಒಂದನ್ನು ಹೇಳಿ ಎಂದಳು. 'ತುಂಬಾ ಒಪ್ತೀನಿ'ಯಿಂದ ಹಿಡಿದು 'ಒಂಚೂರೂ ಒಪ್ಪಲ್ಲ'ದ ತನಕ. ಸರಿ ಉತ್ತರ, ತಪ್ಪು ಉತ್ತರ ಅಂತ ಯಾವುದೂ ಇಲ್ಲ.

"ತಾಯಿಯಾದ ಮೇಲೆ ನನಗೋಸ್ಕರ ಅಂತ ಒಂದು ಗಳಿಗೆಯೂ ಸಿಗುತ್ತಿಲ್ಲ."

"ಒಂಚೂರೂ ಒಪ್ಪಲ್ಲ."

"ನನ್ನ ಮಗುವಿನ ಹಠ ನನ್ನ ಕೈ ಮೀರಿ ಹೋಗಿದೆ."

"ಒಂಚೂರೂ ಒಪ್ಪಲ್ಲ."

ಮೂಲೆಯಲ್ಲಿ ತೇಜಸ್ವಿನಿ ಸ್ಟೀಲ್ ಡಬ್ಬಿಯ ಮುಚ್ಚಳದಿಂದ ನೆಲಕ್ಕೆ ಬಡಿಯುತ್ತಿದ್ದಳು. ಮೂರೂವರೆ ವರ್ಷದ ಮಗು, ಮನೆಯಲ್ಲಿ ತೇಜು. ಒಂದು ಕೈಯಲ್ಲಿ ಬಡಿತ, ಇನ್ನೊಂದು ಅಂಗೈ ನೆಲಕ್ಕೆ ಒತ್ತಿ ಹಿಡಿದಿದೆ. ಅರ್ಧ ಗಂಟೆಯಿಂದ ಅದೇ ಆಟ. ಪಕ್ಕದ ಮನೆಯಾಕೆ ಗೋಡೆಗೆ ಎರಡು ಸಲ ಗುದ್ದಿ ಆಗಿತ್ತು. ಶಿವರಂಜಿನಿ ದನಿ ಎತ್ತರಿಸಿ ಓದುತ್ತಾ ಹೋದಳು. ಭವ್ಯ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟಳು. ನಡುನಡುವೆ, ಅನುಮಾನ ಬಾರದಿರಲೆಂದು, ಮೂರು ಕಡೆ ಬರೀ 'ಒಪ್ಪಲ್ಲ' ಎಂದಳು.

"ಎಲ್ಲಾ ಬಿಟ್ಟು ಎಲ್ಲಿಗಾದರೂ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ."

ಭವ್ಯ ತಲೆಯೆತ್ತಿ ನೋಡಿದಳು. ಆ ಹೆಂಗಸಿನ ಕಣ್ಣು ಟ್ಯಾಬ್ ಮೇಲೇ ಇತ್ತು. ಬೇಕೆಂದೇ ನೋಡುತ್ತಿಲ್ಲವೇನೋ.

"ಇಲ್ಲ ಮೇಡಂ. ಒಂಚೂರೂ ಇಲ್ಲ."

ಹನ್ನೊಂದು ನಿಮಿಷಕ್ಕೆ ಎಲ್ಲ ಮುಗಿಯಿತು. ಶಿವರಂಜಿನಿ ಗಡಿಯಾರ ನೋಡಿಕೊಂಡಳು. "ಪಾಪು ಅಂಗನವಾಡಿಗೆ ಹೋಗ್ತಾಳಾ?"

"ಓಯ್ತಳೆ ಮೇಡಂ. ಇವತ್ತು ಒಸಿ ಸೀತ ಆಗದೆ ಅಂತ ಮನೇಲೇ ಇರುಸ್ಕಂಡಿವ್ನಿ."

ಮಕ್ಕಳನ್ನು ಕಚ್ಚುತ್ತಾಳೆ, ಹೇಳಿದ ಒಂದು ಮಾತೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಟೀಚರು ಎರಡು ತಿಂಗಳ ಹಿಂದೆಯೇ ತೇಜುವನ್ನು ವಾಪಸ್ಸು ಕಳಿಸಿದ್ದರು. ಶಿವರಂಜಿನಿ ಮಗುವಿನ ಕಡೆ ಒಮ್ಮೆ ನೋಡಿ, ಛತ್ರಿ ಎತ್ತಿಕೊಂಡು ಹೋದಳು.

ಹನ್ನೆರಡು ದಿನದ ಹಿಂದೆ ನಡೆದದ್ದು ಇಷ್ಟು.

ಭವ್ಯ ಮನೆಯಲ್ಲೇ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಬಸ್‌ಸ್ಟ್ಯಾಂಡಿನ ಎದುರಿಗೆ ಟೈಲರ್ ಅಂಗಡಿ ಇಟ್ಟಿರುವ ಅಬ್ದುಲ್ ಜಬ್ಬಾರ್ ಅವರ ಹೆಂಡತಿ ಮೈಮುನಾ ಅವಳಿಗೆ ಸೀರೆ ಕೊಡುವವಳು. ನಿಂಗರಾಜು ಟೊಮೇಟೊ, ಬೀನ್ಸು ತುಂಬಿಕೊಂಡು ಗೂಡ್ಸ್ ಗಾಡಿಯಲ್ಲಿ ಕೇರಳಕ್ಕೆ ಹೋಗುತ್ತಾನೆ. ಬಂಡೀಪುರದ ರಸ್ತೆ ರಾತ್ರಿ ಮುಚ್ಚುವುದರಿಂದ ಅವನು ಈಚೆ ಇದ್ದರೆ ಈಚೆ, ಆಚೆ ಇದ್ದರೆ ಆಚೆ. ವಾರದಲ್ಲಿ ಎರಡು ದಿನ ಮನೆಯಲ್ಲಿ ಸಿಕ್ಕರೆ ಹೆಚ್ಚು. ಆ ಶುಕ್ರವಾರ ಭವ್ಯ ನೀರು ಹಿಡಿದು ಬರುವಷ್ಟರಲ್ಲಿ, ಎರಡು ದಿನ ಕೂತು ಕಟ್ಟಿದ್ದ ಮದುವೆ ಸೀರೆಯ ಕುಚ್ಚನ್ನೆಲ್ಲ ತೇಜು ಕತ್ತರಿಯಿಂದ ಕತ್ತರಿಸಿ ಹಾಕಿದ್ದಳು. ಸೆರಗಿಗೂ ಕತ್ತರಿ ತಗುಲಿತ್ತು. ಭವ್ಯ ಕೂಗಿದಳು. ಮಗು ತಿರುಗಿಯೂ ನೋಡಲಿಲ್ಲ. ಕತ್ತರಿ ಕಿತ್ತುಕೊಂಡಳು. ಮಗು ಅವಳ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿತು. ಭವ್ಯ ಹೊಡೆದಳು, ಒಂದಲ್ಲ. ಮಗು ಅತ್ತಿತು, ಬಾಯಿ ಅಗಲಿಸಿ, ಯಾವ ಮಾತೂ ಅಲ್ಲದ ಆ ಒಂದೇ ದನಿಯಲ್ಲಿ.

ಸೀರೆ ಕವರಿಗೆ ಹಾಕಿಕೊಂಡು, ಮಗುವನ್ನು ಎತ್ತಿಕೊಂಡು ಮೈಮುನಾಳ ಅಂಗಡಿಗೆ ಹೋದಳು. ಜುಮ್ಮಾ ನಮಾಜಿನ ಹೊತ್ತು, ಷಟರ್ ಎಳೆದಿತ್ತು. ಕಾಯೋಣವೆಂದು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಳು. ತೇಜುವಿನ ಕೈಗೆ ಒಂದು ಬನ್ನು ಕೊಟ್ಟಳು. ಎದುರಿಗೆ ಮೈಸೂರು ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಕಂಡಕ್ಟರು "ಮೈಸೂರ್, ಮೈಸೂರ್" ಎಂದು ಕೂಗುತ್ತಿದ್ದ. ಭವ್ಯ ಎದ್ದಳು. ಹತ್ತಬೇಕು ಎಂದುಕೊಂಡು ಎದ್ದಳೆಂದೂ ಹೇಳಲಾಗದು. ಎದ್ದಳು, ನಡೆದಳು, ಕಾಲು ಮೆಟ್ಟಿಲ ಮೇಲಿತ್ತು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು. ಕಂಡಕ್ಟರು ಹರಿದುಕೊಟ್ಟ. ಬಸ್ಸು ಹೊರಟಿತು.

ಕಿಟಕಿಯಾಚೆ ಚೆಂಡುಹೂವಿನ ಹೊಲ ಹಳದಿಯಾಗಿ ಹಾದುಹೋಯಿತು. ಗಾಳಿ ಮುಖಕ್ಕೆ ಬಡಿಯಿತು. ತೋಳು ಹಗುರ, ಮಡಿಲು ಹಗುರ. ಮತ್ತೆ ಅವಳಿಗೆ ನಿದ್ದೆ ಬಂತು. ಮೂರು ವರ್ಷದಲ್ಲಿ ಬಾರದಂಥ ನಿದ್ದೆ. ಬೇಗೂರಿನಲ್ಲಿ ಬ್ರೇಕು ಹಾಕಿದಾಗ ಎಚ್ಚರವಾಗಿ, ಮಗು ಬೀಳದಿರಲೆಂದು ಪಕ್ಕಕ್ಕೆ ಕೈ ಚಾಚಿದಳು. ಕೈಗೆ ಸಿಕ್ಕಿದ್ದು ರೆಕ್ಸಿನ್ ಸೀಟು.

ಅಲ್ಲಿಂದ ಇಳಿದು, ಎದುರಿಗೆ ಬಂದ ಬಸ್ಸು ಹತ್ತಿ ಗುಂಡ್ಲುಪೇಟೆಗೆ ವಾಪಸ್ಸು ಬರುವಷ್ಟರಲ್ಲಿ ಒಂದು ಗಂಟೆಯ ಮೇಲೆ ಹತ್ತು ನಿಮಿಷ ಆಗಿತ್ತು. ಬೆಂಚು ಖಾಲಿ. ಕೆಳಗೆ ಬನ್ನಿನ ಚೂರು. ಭವ್ಯ ಬೆಂಚುಗಳ ಸಾಲಿನುದ್ದಕ್ಕೂ ಓಡಿದಳು. ಆಗ ರಸ್ತೆಯಾಚೆಯಿಂದ ಮೈಮುನಾ ಕೈ ಬೀಸಿದ್ದು ಕಂಡಿತು. ಷಟರ್ ತೆರೆದಿತ್ತು. ತೇಜು ಹೊಲಿಗೆ ಮಿಷನ್ನಿನ ಪಕ್ಕ, ಅದು ಓಡುವಾಗ ನಡುಗುವ ಹಲಗೆಗೆ ಕೆನ್ನೆ ಕೊಟ್ಟು ಕೂತಿದ್ದಳು, ಪಕ್ಕದಲ್ಲಿ ಬೆಂಚಿನ ಮೇಲೆ ಬಿಟ್ಟಿದ್ದ ಸೀರೆಯ ಕವರು.

"ಬಾತ್‌ರೂಮಿಗೆ ಹೋಗಿದ್ಯಾ ಬೇಟಿ?" ಎಂದಳು ಮೈಮುನಾ. "ಕ್ಯೂ ಇತ್ತೇನೋ."

"ಊಂ ಮೈಮುನಕ್ಕ."

ಮೈಮುನಾ ಭವ್ಯಳ ಮುಷ್ಟಿ ಬಿಡಿಸಿ, ಬೆವರಿಗೆ ಮುದ್ದೆಯಾಗಿದ್ದ ಎರಡು ಟಿಕೆಟ್ಟು ತೆಗೆದು, ಬಟ್ಟೆ ಚಿಂದಿಯ ಬುಟ್ಟಿಗೆ ಹಾಕಿದಳು. ಕತ್ತರಿ ತಗುಲಿದ ಸೆರಗನ್ನು ತಿರುಗಿಸಿ ನೋಡಿ, "ಇಷ್ಟೇ ತಾನೇ, ಮಡಿಸಿ ಹೊಲಿದ್ರೆ ಆಯ್ತು," ಎಂದಳು. ಬೇರೆ ಏನೂ ಕೇಳಲಿಲ್ಲ.

ಏನೂ ಕೇಳದೆ ಇದ್ದದ್ದೇ ಭವ್ಯಳನ್ನು ಆಮೇಲೆ ಕೊರೆಯತೊಡಗಿತು. ಕೇಳಿದ್ದರೆ ಏನಾದರೊಂದು ಹೇಳಬಹುದಿತ್ತು. ಈಗ ಶಿವರಂಜಿನಿ ಬಂದುಹೋದ ಮೇಲಂತೂ, ಮೈಮುನಕ್ಕನೇ ಹೇಳಿದ್ದಾಳೆ ಎಂದು ಒಂದು ಗಳಿಗೆ, ಛೆ, ಅವಳು ಅಂಥವಳಲ್ಲ ಎಂದು ಇನ್ನೊಂದು ಗಳಿಗೆ. ಕಟ್ಟಿದ ಸೀರೆ ಕೊಡುವ ನೆಪದಲ್ಲಿ ಅಂಗಡಿಗೆ ಹೋದಳು. ಕೇಳಬೇಕೆಂದುಕೊಂಡದ್ದನ್ನು ಕೇಳಲಿಲ್ಲ. ಕೇಳಿದರೆ ತಾನೇ ಒಪ್ಪಿಕೊಂಡ ಹಾಗೆ. ದಾರದ ಬಣ್ಣದ ಬಗ್ಗೆ ಎರಡು ಮಾತಾಡಿ ವಾಪಸ್ಸು ಬಂದಳು. ಕುಚ್ಚಿನ ಗಂಟುಗಳು ಸಡಿಲವಾಗುತ್ತಿದ್ದವು, ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಅನ್ನ ಒಲೆಯ ಮೇಲಿಟ್ಟು ಮರೆತು ಎರಡು ಸಲ ಸೀದುಹೋಯಿತು. ನಿಂಗರಾಜು ಬಂದಾಗ "ಯಾಕಮ್ಮಿ, ಮಖ ಇಂಗ್ ಮಾಡ್ಕಂಡಿದ್ದೀಯ?" ಎಂದ. "ಏನಿಲ್ಲ, ತಲ್ನೋವು," ಎಂದಳು.

ಎರಡು ವಾರ ಕಳೆದು ಶಿವರಂಜಿನಿ ಮತ್ತೆ ಬಂದಳು.

"ತಪ್ಪು ತಿಳ್ಕೋಬೇಡಿ ಭವ್ಯ. ನಿಮ್ಮ ಉತ್ತರ ಎಲ್ಲ ಕೂಡಿದ್ರೆ ನಲವತ್ಮೂರು ಬಂದಿದೆ. ನಲವತ್ತಕ್ಕಿಂತ ಕಮ್ಮಿ ಬರೋದೇ ಸಾಧ್ಯ ಇಲ್ಲ, ಇನ್ನೂರರ ತನಕ ಹೋಗ್ಬಹುದು. ಇಷ್ಟು ಕಮ್ಮಿ ಬಂದ್ರೆ ನಮ್ಮ ಆಫೀಸಲ್ಲಿ ಆ ಫಾರಂ ಪಕ್ಕಕ್ಕಿಡ್ತಾರೆ. ಇನ್ನೊಂದ್ಸಲ ಹೋಗಿ ಕೂತು ಮಾತಾಡಿ ಬನ್ನಿ ಅಂತಾರೆ."

"ಕಮ್ಮಿ ಬಂದ್ರೆ ಒಳ್ಳೇದಲ್ವ ಮೇಡಂ?"

"ಒಳ್ಳೇದೇ. ಆದ್ರೆ ಮಗು ಸಾಕೋ ಯಾವ ತಾಯಿಗೂ ಅಷ್ಟು ಕಮ್ಮಿ ಬರಲ್ಲ." ಶಿವರಂಜಿನಿ ನಕ್ಕಳು.

ಭವ್ಯಳಿಗೆ ನಗು ಬರಲಿಲ್ಲ. ಸುಳ್ಳು ಹೇಳಿದ್ದು ಯಂತ್ರಕ್ಕೂ ಗೊತ್ತಾಗಿದೆ. "ನೆಂಟ್ರು ಬತ್ತವ್ರೆ ಮೇಡಂ, ನಾಳಿಕ್ ಬನ್ನಿ," ಎಂದಳು. ಶಿವರಂಜಿನಿ ಆಯಿತೆಂದು ಹೊರಟಳು. ಅವಳು ಬೀದಿ ತಿರುಗಿದ್ದನ್ನು ಖಾತ್ರಿ ಮಾಡಿಕೊಂಡು ಭವ್ಯ ಚೀಲಕ್ಕೆ ನಾಲ್ಕು ಬಟ್ಟೆ ತುರುಕಿದಳು. ತವರು ಪುಣಜನೂರು. ಅಲ್ಲಿಂದ ಕಾಡು ದಾಟಿದರೆ ತಮಿಳುನಾಡು. ಅಲ್ಲಿ ಯಾರ ಲಿಸ್ಟಿನಲ್ಲೂ ತನ್ನ ಹೆಸರು ಇರುವುದಿಲ್ಲ.

ನಾಲ್ಕು ಗಂಟೆಯ ಚಾಮರಾಜನಗರದ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಬಸ್ಸು ಹೊರಡುವ ಹೊತ್ತಿಗೆ ಓಡೋಡಿ ಬಂದು ಹತ್ತಿದವಳು ಶಿವರಂಜಿನಿ. ದಿನದ ಮನೆಗಳನ್ನು ಮುಗಿಸಿ ಅವಳೂ ಊರಿಗೆ ಹೊರಟಿದ್ದಳು. ಖಾಲಿ ಇದ್ದದ್ದು ಭವ್ಯಳ ಪಕ್ಕದ ಜಾಗ ಒಂದೇ.

"ಅರೆ, ನೆಂಟರು ಬರ್ಲಿಲ್ವಾ?"

ಭವ್ಯ ಬಟ್ಟೆಯ ಚೀಲವನ್ನು ಸೀಟಿನಡಿ ತಳ್ಳಿದಳು. ಬಸ್ಸು ಪೇಟೆ ದಾಟಿತು. ತೇಜು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು, ಅದರ ನಡುಕ ಸವಿಯುತ್ತಾ ಕೂತಿದ್ದಳು. ಶಿವರಂಜಿನಿ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯನ್ನು ಭವ್ಯ ಹತ್ತು ನಿಮಿಷ ತಡೆದಳು. ಆಮೇಲೆ ತಡೆಯಲಾಗಲಿಲ್ಲ.

"ಯಾರ್ ಏಳುದ್ರು ನಿಮ್ಗೆ?"

"ಏನನ್ನ?"

"ಅದೇ ಬಸ್‌ಸ್ಟ್ಯಾಂಡಿಂದು. ಮೈಮುನಕ್ಕನ?"

ಶಿವರಂಜಿನಿ ಅವಳ ಕಡೆ ತಿರುಗಿದಳು. "ನನಗೆ ಯಾರೂ ಏನೂ ಹೇಳಿಲ್ಲ ಭವ್ಯ. ಹದಿನೆಂಟು ತುಂಬೋ ಮುಂಚೆ ಮದುವೆ ಆದೋರು, ಗಂಡ ಹೊರಗಡೆ ದುಡಿಯೋರು, ಮಗುಗೆ ಮಾತು ತಡ ಆಗಿರೋರು, ಇಂಥ ಮನೆಗಳದ್ದು ಲಿಸ್ಟು. ನೂರಿಪ್ಪತ್ತು ಹೆಸರಿದೆ. ಜನವರೀಲೇ ಮಾಡಿದ್ದು."

ಜನವರಿ. ಬಸ್‌ಸ್ಟ್ಯಾಂಡಿನ ಸಂಗತಿ ನಡೆದದ್ದು ಜುಲೈಯಲ್ಲಿ. ಭವ್ಯ ಆ ಎರಡು ತಿಂಗಳುಗಳನ್ನು ತಲೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದಳು. ಯಾರಿಗೂ ಏನೂ ಗೊತ್ತಿರಲಿಲ್ಲ. ಬಾಯಿ ಬಿಟ್ಟವಳು ತಾನೇ. ಈಗ ಇಳಿದು ಹೋಗಬಹುದಿತ್ತು, ಏನೋ ಒಂದು ಹೇಳಿ ತೇಲಿಸಬಹುದಿತ್ತು. ಆದರೆ ಇಷ್ಟು ದಿನ ಹಿಡಿದಿಟ್ಟುಕೊಂಡದ್ದು ಭಾರವಾಗಿಬಿಟ್ಟಿತ್ತು.

"ನಾನು ಇವಳ್ನ ಬುಟ್ಟೋಗಿದ್ದೆ ಕಣಕ್ಕ," ಎಂದಳು. "ಬೆಂಚ್ ಮ್ಯಾಲೆ ಕೂರ್ಸಿ, ಮೈಸೂರ್ ಬಸ್ ಅತ್ಬುಟ್ಟೆ. ಬೇಗೂರ್ ಗಂಟ ಓಗ್ಬುಟ್ಟಿದ್ದೆ. ವಾಪಸ್ ಬಂದೆ. ಆದ್ರೆ ಓಗೋವಾಗ ನಿದ್ದೆ ಮಾಡ್ದೆ. ಅಷ್ಟ್ ಚೆಂದಾಗ್ ನಿದ್ದೆ ಬಂತು ನನ್ಗೆ. ಯಾವ್ ತಾಯಿಗ್ ಅಂಗ್ ಬತ್ತದೆ?"

ಶಿವರಂಜಿನಿ ಬಾಯಿ ತೆರೆಯುವಷ್ಟರಲ್ಲಿ ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಯಾರದೋ ಮೆರವಣಿಗೆ ರಸ್ತೆ ತುಂಬಿತ್ತು. ಕಿಟಕಿಯ ಬುಡದಲ್ಲೇ ಯಾರೋ ಸರಪಟಾಕಿಗೆ ಕಿಡಿ ಹಚ್ಚಿದರು. ಬಸ್ಸಿಗೆ ಬಸ್ಸೇ ಬೆಚ್ಚಿತು. ಮುಂದಿನ ಸೀಟಿನ ಕೂಸು ಕಿಟಾರನೆ ಕಿರುಚಿಕೊಂಡಿತು, ಮುದುಕರೊಬ್ಬರು ಬೈಯುತ್ತಾ ಎರಡೂ ಕಿವಿ ಮುಚ್ಚಿಕೊಂಡರು, ಭವ್ಯಳೇ ಸೀಟಿನಿಂದ ಅರ್ಧ ಎದ್ದಳು. ತೇಜು ಆ ಕಡೆಗೆ ಬೆನ್ನು ಹಾಕಿ, ಎದುರು ನಿಂತ ಕಾಲೇಜು ಹುಡುಗಿಯ ಚೀಲದಲ್ಲಿ ನೇತಾಡುವ ಬೊಂಬೆಯನ್ನು ನೋಡುತ್ತಿದ್ದಳು. ಪಟಾಕಿ ಮುಗಿಯುವ ತನಕವೂ ನೋಡುತ್ತಲೇ ಇದ್ದಳು. ಅವಳ ರೆಪ್ಪೆ ಅಲುಗಲಿಲ್ಲ.

ಶಿವರಂಜಿನಿ ಮಗುವನ್ನು ನೋಡಿದಳು, ಆಮೇಲೆ ಭವ್ಯಳನ್ನು.

"ನಿಮಗೆ ಗೊತ್ತಿತ್ತಾ?"

ಭವ್ಯ ಸೆರಗಿನ ಅಂಚು ತಿರುಚಿದಳು. "ಎರಡ್ ವರ್ಸ ಇದ್ದಾಗ ಒಂದ್ಸಲ ಬೆನ್ನಿಂದೆ ನಿಂತ್ಕಂಡು ತಟ್ಟೆ ಬಡ್ದೆ. ತಿರುಗ್ನಿಲ್ಲ. ಆಟದಲ್ಲಿದ್ಲು, ಅದ್ಕೇ ತಿರುಗ್ನಿಲ್ಲ ಅನ್ಕಂಡೆ. ಮತ್ತೆ ಬಡೀನಿಲ್ಲ ನಾನು. ಅವ್ರಪ್ಪನೂ ಲೇಟಾಗೇ ಮಾತಾಡಿದ್ದು ಅಂತ ನಮ್ಮತ್ತೆ ಅಂದ್ರು. ಅದ್ನೇ ಇಡ್ಕಂಡಿದ್ದೆ."

ಮೆರವಣಿಗೆ ಸರಿಯಿತು, ಬಸ್ಸು ಹೊರಟಿತು. ಶಿವರಂಜಿನಿ ದನಿ ತಗ್ಗಿಸಿ ಹೇಳಿದಳು: "ಒಂದು ವಿಷಯ ನಿಮಗೆ ಮುಚ್ಚಿಡಲ್ಲ. ಉತ್ತರ ಗುಟ್ಟಾಗಿರತ್ತೆ ಅಂತ ಅವತ್ತು ಹೇಳಿದ್ದೆ. ಜೊತೆಗೆ ಇನ್ನೊಂದೂ ಹೇಳಿದ್ದೆ, ನೀವು ಕೇಳಿಸ್ಕೊಂಡ್ರೋ ಇಲ್ವೋ. ಮಗುಗೆ ಅಪಾಯ ಇದೆ ಅನ್ನಿಸಿದ್ರೆ ನಾನು ಮೇಲಿನವರಿಗೆ ತಿಳಿಸ್ಲೇಬೇಕು."

"ಇವಳ್ನ ಕಿತ್ಕಂಡೋಯ್ತರಾ?"

"ನನಗೆ ಗೊತ್ತಿಲ್ಲ. ಒಬ್ರು ಬಂದು ನೋಡ್ತಾರೆ. ನಾನು ಏನು ಬರೀತೀನೋ ಅದನ್ನ ಮೊದಲು ನಿಮಗೇ ಓದಿ ಹೇಳ್ತೀನಿ. ಬಿಟ್ಟುಹೋದ್ರು ಅಂತ ಬರೀಬೇಕಾಗತ್ತೆ. ತಾವೇ ವಾಪಸ್ ಬಂದ್ರು ಅಂತಾನೂ ಬರೀತೀನಿ. ಮಗೂಗೆ ಕಿವಿ ಪರೀಕ್ಷೆ ಆಗ್ಬೇಕು ಅಂತ ಅದಕ್ಕಿಂತ ದೊಡ್ಡದಾಗಿ ಬರೀತೀನಿ." ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದುಕೊಟ್ಟಳು. "ಗುರುವಾರ ಹತ್ತು ಗಂಟೆಗೆ ಜಿಲ್ಲಾಸ್ಪತ್ರೆ. ನಾನು ಗೇಟಲ್ಲಿರ್ತೀನಿ."

ಚಾಮರಾಜನಗರದಲ್ಲಿ ಇಬ್ಬರೂ ಇಳಿದರು. ಭವ್ಯ ಹೇಳದೆ ಕೇಳದೆ ಪುಣಜನೂರಿನ ಬಸ್ಸಿನ ಕಡೆ ನಡೆದುಬಿಟ್ಟಳು. ಶಿವರಂಜಿನಿ ಹಿಂದಿನಿಂದ ಕೂಗಲಿಲ್ಲ.

ತವರಿನಲ್ಲಿ ಎರಡು ದಿನ ಕೂತಲ್ಲಿ ಕೂರಲಾಗಲಿಲ್ಲ. ತಾಯಿ ಯಶೋದಮ್ಮ ಹುರುಳಿಕಾಯಿ ಬಿಡಿಸಲು ಮೊರ ಕೊಟ್ಟರೆ, ನಾಲ್ಕು ಬಿಡಿಸಿ ಎದ್ದು ರಸ್ತೆಗೆ ಹೋಗಿ ನಿಲ್ಲುವಳು. ಸತ್ಯಮಂಗಲದ ಕಡೆ ಹೋಗುವ ಲಾರಿ, ಬಸ್ಸುಗಳನ್ನು ನೋಡುತ್ತಾ ನಿಲ್ಲುವಳು. ತಾಳವಾಡಿಯಲ್ಲಿ ಒಬ್ಬ ಸೋದರಮಾವ ಇದ್ದ. ಅಲ್ಲಿಗೆ ಹೋದರೆ ಏನು ಮಾಡುವುದು? ಮಗು ಅಲ್ಲಿಯೂ ಕರೆದರೆ ತಿರುಗುವುದಿಲ್ಲ. ಮತ್ತೆ ಒಳಗೆ ಬಂದು ಮೊರದ ಮುಂದೆ ಕೂರುವಳು.

ಬುಧವಾರ ಮಧ್ಯಾಹ್ನ ಯಶೋದಮ್ಮ ಮೊರ ಪಕ್ಕಕ್ಕೆ ಸರಿಸಿದರು. "ಏನಾಗದೆ ಅಂತ ಏಳ್ಬುಡು ಕಣಮ್ಮಿ."

ಭವ್ಯ ಎಲ್ಲವನ್ನೂ ಹೇಳಿದಳು. ಯಶೋದಮ್ಮ ಬಸ್ಸಿನ ಸಂಗತಿ ಕೇಳಿ ಹೊಸಿಲ ಕಡೆ ನೋಡುತ್ತಾ ಕೂತರು. ಕಿವಿಯ ಮಾತು ಬಂದಾಗ ಮಾತ್ರ, "ಕೇಳದಿದ್ರೆ ಕೇಳಲ್ಲ. ಅದ್ಕೆ ನೀನ್ಯಾಕ್ ಊರೂರ್ ಓಡ್ತಿದ್ದೀಯ?" ಎಂದರು. ಆಮೇಲೆ, "ಗಂಡನ್ಗೆ ಪೋನ್ ಮಾಡು. ಅವ್ನ್ ಮಗ್ಳೂವೆ."

ನಿಂಗರಾಜು ಫೋನೆತ್ತಿದಾಗ ಗಾಡಿಗೆ ಕೋಸು ತುಂಬುತ್ತಿದ್ದರು. ಭವ್ಯ, ನಾಳೆ ಹತ್ತಕ್ಕೆ ತೇಜುವನ್ನು ಜಿಲ್ಲಾಸ್ಪತ್ರೆಯಲ್ಲಿ ತೋರಿಸಬೇಕು ಎಂದಷ್ಟೇ ಹೇಳಿದಳು. "ಲೋಡ್ ಆಗೋಗದಲ್ಲಮ್ಮಿ," ಎಂದ. ಆಮೇಲೆ, "ಯಾತುಕ್?" ಎಂದ. "ಕಿವಿ," ಎಂದಳು. ಆ ಕಡೆಯಿಂದ ಬಹಳ ಹೊತ್ತು ಹಮಾಲರ ದನಿಯೇ ಕೇಳಿಸಿತು. ಫೋನು ಕಟ್ಟಾಯಿತು.

ಗುರುವಾರ ಹತ್ತಕ್ಕೆ ಜಿಲ್ಲಾಸ್ಪತ್ರೆಯ ಗೇಟಿನಲ್ಲಿ ಶಿವರಂಜಿನಿ ನಿಂತಿದ್ದಳು. ಭವ್ಯಳನ್ನು ಕಂಡು ಅವಳ ಭುಜ ಒಮ್ಮೆ ಇಳಿಯಿತು, ಎರಡು ದಿನದಿಂದ ಉಸಿರು ಹಿಡಿದಿದ್ದವಳಂತೆ. ಒಳಗೆ ಹೋಗಿ ಸರದಿಯಲ್ಲಿ ಕೂತ ಅರ್ಧ ಗಂಟೆಗೆ ನಿಂಗರಾಜು ಬಂದ. ಲೋಡನ್ನು ಇನ್ನೊಬ್ಬ ಡ್ರೈವರಿಗೆ ಕೊಟ್ಟು ಬಂದಿದ್ದ.

ಪರೀಕ್ಷೆ ಮಾಡಿದ ಹುಡುಗಿ ಚಿಕ್ಕ ವಯಸ್ಸಿನವಳು. ಗಂಟೆ, ಡೋಲು, ಆಮೇಲೆ ಕಿವಿಗೆ ಒಂದು ಸಣ್ಣ ಕೊಳವೆ. ತೇಜು ಕೊಳವೆಯನ್ನು ಮೂರು ಸಲ ಕಿತ್ತೆಸೆದಳು. ಎರಡೂ ಕಿವಿಗೆ ತುಂಬ ಕಡಿಮೆ ಕೇಳಿಸುತ್ತಿದೆ ಅನ್ನಿಸುತ್ತದೆ, ಹುಟ್ಟಿನಿಂದಲೇ ಇರಬೇಕು, ಮೈಸೂರಿಗೆ ಬರೆದುಕೊಡುತ್ತೇವೆ, ಅಲ್ಲಿ ಪಕ್ಕಾ ಗೊತ್ತಾಗುತ್ತದೆ, ಕಿವಿಗೆ ಮಷೀನು ಹಾಕಿ ಮಾತು ಕಲಿಸಬೇಕಾಗುತ್ತದೆ ಎಂದಳು. ಇನ್ನೂ ಮುಂಚೆ ಬರಬೇಕಿತ್ತು ಎಂದೂ ಸೇರಿಸಿದಳು, ಬೈಯುವ ದನಿಯಲ್ಲಲ್ಲ.

ಹೊರಗಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತರು. ನಿಂಗರಾಜು ಕಾಲ ಹೆಬ್ಬೆರಳನ್ನು ನೋಡುತ್ತಾ ಹೇಳಿದ:

"ನನ್ಗೊತ್ತಿತ್ತು ಕಣಮ್ಮಿ."

ಭವ್ಯ ತಿರುಗಿ ನೋಡಿದಳು.

"ಯುಗಾದಿ ದಿಸ ಗಾಡಿ ಮುಂದೆ ಆಡ್ತಿದ್ಲು. ಬೆನ್ನು ಈಕಡೆ ಇತ್ತು. ಆರನ್ ವಡ್ದೆ, ಒತ್ತಿ ಇಡ್ದೆ. ಅಲುಗ್ನಿಲ್ಲ. ನಿನ್ಗೆ ಏಳುದ್ರೆ ಎಲ್ ಎದೆ ವಡ್ಕಂಡಿಯೋ ಅಂತ ಸುಮ್ಗಾಗ್ಬುಟ್ಟೆ."

ಭವ್ಯಳಿಗೆ ಸಿಟ್ಟು ಬಂತು, ಆಮೇಲೆ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಹೋಯಿತು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ವಿಷಯವನ್ನು ಬೇರೆ ಬೇರೆ ಬಚ್ಚಿಟ್ಟುಕೊಂಡು, ಮಗುವಿಗೆ ಹಠಮಾರಿ ಎಂದು ಹೊಡೆದಿದ್ದರು. ಈ ಗಳಿಗೆ ಬಿಟ್ಟರೆ ಇನ್ನೆಂದೂ ಹೇಳಲಾಗುವುದಿಲ್ಲ ಅನ್ನಿಸಿ, ಬಸ್‌ಸ್ಟ್ಯಾಂಡಿನದನ್ನೂ ಹೇಳಿದಳು. ನಿದ್ದೆ ಬಂದದ್ದನ್ನೂ ಬಿಡಲಿಲ್ಲ.

ನಿಂಗರಾಜು ಎದ್ದು ಹೊರಟುಹೋದ. ಕಾರಿಡಾರಿನ ತುದಿಯಲ್ಲಿ ಅವನ ಬೆನ್ನು ಕಾಣಿಸದಾಯಿತು. ಭವ್ಯ ತೇಜುವಿನ ಅಂಗೈಯನ್ನು ಬಿಗಿಯಾಗಿ ಹಿಡಿದು ಕೂತಳು. ಮುಕ್ಕಾಲು ಗಂಟೆ ಕಳೆದು ಅವನು ವಾಪಸ್ಸು ಬಂದಾಗ ಕಣ್ಣು ಕೆಂಪಾಗಿತ್ತು. ಭವ್ಯಳ ಮುಖ ನೋಡದೆಯೇ ಮಗುವನ್ನು ಎತ್ತಿಕೊಂಡ.

"ಮೈಸೂರ್ಗೆ ಯಾವತ್ ಓಗ್ಬೇಕು ಅಂದ್ರು?"

"ವಾರ್ವಾರ. ಗುರುವಾರ."

"ಗುರುವಾರ ನಾನ್ ಲೋಡ್ ತಗಳಲ್ಲ ಬುಡು," ಎಂದ. ಆ ವಿಷಯವನ್ನು ಅವನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಆದರೆ ಒಂದು ತಿಂಗಳು, ಮಗುವನ್ನು ಅವಳ ಕೈಗೆ ಕೊಡುವಾಗ ಅವನ ಕೈ ಒಂದು ಕ್ಷಣ ತಡೆಯುತ್ತಿತ್ತು. ಭವ್ಯ ಅದನ್ನು ಕಂಡೂ ಕಾಣದವಳಂತೆ ಇದ್ದಳು.

ಶಿವರಂಜಿನಿ ಹೇಳಿದ ಹಾಗೇ ಬರೆದದ್ದನ್ನು ಓದಿ ಹೇಳಿ ಕಳಿಸಿದಳು. ಹತ್ತು ದಿನಕ್ಕೆ ಮಕ್ಕಳ ರಕ್ಷಣೆಯ ಕಚೇರಿಯಿಂದ ಬಸವಪ್ರಸಾದ್ ಎಂಬುವರು ಬಂದು, ಮನೆ ನೋಡಿ, ಆಸ್ಪತ್ರೆಯ ಚೀಟಿ ನೋಡಿ, ತೇಜುವಿನ ಮೈಮೇಲೆ ಗಾಯ ಇದೆಯೇ ಎಂದು ನೋಡಿದರು. ಭವ್ಯ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಇನ್ನು ಮೂರು ತಿಂಗಳು ಬಂದುಹೋಗುತ್ತೇನೆ ಎಂದು ಅವರು ಹೊರಟರು. ಬಂದುಹೋದರು. ಒಂದೊಂದು ಸಲವೂ ಅವಳು ಅದೇ ಗೋಡೆ ಹಿಡಿದು ನಿಂತಳು.

ಆರು ತಿಂಗಳ ಮೇಲೆ, ಮಾಘದ ಒಂದು ಬೆಳಿಗ್ಗೆ, ಶಿವರಂಜಿನಿ ಅದೇ ನಲವತ್ತು ವಾಕ್ಯ ತಂದಳು. ಎಲ್ಲರನ್ನೂ ಎರಡನೆಯ ಸಲ ಕೇಳುವುದಿತ್ತು. ಈ ಸಲ ಹನ್ನೊಂದು ನಿಮಿಷಕ್ಕೆ ಎಂಟು ವಾಕ್ಯವೂ ಆಗಲಿಲ್ಲ. ಭವ್ಯ ಒಂದೊಂದನ್ನೂ ಎರಡೆರಡು ಸಲ ಓದಿಸಿದಳು. 'ಒಪ್ತೀನಿ' ಎಂದು, ಯೋಚಿಸಿ, 'ತುಂಬಾ ಒಪ್ತೀನಿ' ಎಂದು ತಿದ್ದಿಸಿದಳು. ಒಂದು ವಾಕ್ಯಕ್ಕೆ, "ಇದು ಬೆಳಗಿನ್ ಒತ್ತು ಒಪ್ಪಲ್ಲ, ಸಾಯಂಕಾಲ ಒಪ್ತೀನಿ, ಯಾವ್ದ್ ಬರ್ಕತೀರಿ?" ಎಂದು ಜಗಳಕ್ಕೇ ನಿಂತಳು. ಎಲ್ಲಿಗಾದರೂ ಎದ್ದು ಹೋಗಿಬಿಡುವ ವಾಕ್ಯ ಬಂದಾಗ, "ವಾರಕ್ಕೆ ಎರಡ್ ಸಲ ಅನ್ನುಸ್ತದೆ. ಒಪ್ತೀನಿ," ಎಂದಳು. ನಡುವೆ ಸಾರು ಕುದಿಸಿ ಇಳಿಸಿದಳು. ಒಂದೂವರೆ ಗಂಟೆ ಹಿಡಿಯಿತು.

ಶಿವರಂಜಿನಿ ಕೊನೆಯ ಪುಟ ನೋಡಿ ಹಣೆ ಉಜ್ಜಿಕೊಂಡಳು. "ನೂರನಲವತ್ತೆಂಟು."

"ಜಾಸ್ತಿಯ?"

"ತುಂಬಾನೇ ಜಾಸ್ತಿ. ನಮ್ಮ ವರದೀಲಿ, ಆರು ತಿಂಗಳಲ್ಲಿ ಸ್ಥಿತಿ ಕೆಟ್ಟಿರೋ ತಾಯಂದಿರ ಸಾಲಿಗೆ ನಿಮ್ಮನ್ನ ಸೇರಿಸ್ತಾರೆ."

ಭವ್ಯ ಅದನ್ನು ಯೋಚಿಸಿದಳು. ಸುಳ್ಳಲ್ಲ. ವಾರಕ್ಕೊಮ್ಮೆ ಮೈಸೂರು, ಬಾಕಿ ದಿನ ಕನ್ನಡಿ ಮುಂದೆ ಕೂತು 'ಪ, ಬ, ಮ'. ಮಷೀನು ಹಾಕಿದ ಮೊದಲ ದಿನ ಕುಕ್ಕರು ಕೂಗಿದ್ದಕ್ಕೆ ತೇಜು ಹೆದರಿ ಉಚ್ಚೆ ಹುಯ್ದುಕೊಂಡಿದ್ದಳು. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ ಮಾಡಿಸುವುದೋ ಬೇಡವೋ ಇನ್ನೂ ತೀರ್ಮಾನವಾಗಿರಲಿಲ್ಲ. ಭವ್ಯಳ ತಲೆಯಲ್ಲಿ ಚಿಂತೆಗಳು ಕಮ್ಮಿಯಾಗಿರಲಿಲ್ಲ, ಹೆಚ್ಚಿದ್ದವು. ಒಂದೊಂದಕ್ಕೂ ಈಗ ಹೆಸರಿತ್ತು, ಅಷ್ಟೇ.

"ಅವತ್ತು ಏಳ್ಬೇಕಾಗಿದ್ದುದ್ನ ಇವತ್ತು ಏಳವ್ಳೆ ಅಂತ ಬರೀರಿ," ಎಂದಳು.

"ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ."

"ಅಂಗಾರೆ ಕೆಟ್ಟೋಗವ್ಳೆ ಅಂತ್ಲೇ ಇರ್ಲಿ ಬುಡಿ ಅಕ್ಕ." ಭವ್ಯ ಏಳುತ್ತಾ ಮಗಳ ಕಡೆ ನೋಡಿ, ಅಲ್ಲೇ ನಿಂತಳು.

ತೇಜುವಿನ ಎಡಗಿವಿಯ ಮಷೀನು ಇರಲಿಲ್ಲ.

ಇಬ್ಬರೂ ಚಾಪೆ ಕೊಡವಿದರು, ದಾರದ ಬುಟ್ಟಿ ಬೋರಲು ಹಾಕಿದರು, ಮಂಚದಡಿ ಮೊಬೈಲ್ ಟಾರ್ಚು ಬಿಟ್ಟು ಹುಡುಕಿದರು. ಒಳಗಿನ ಬಿಲ್ಲೆಯಂಥ ಬ್ಯಾಟರಿಯನ್ನು ಮಕ್ಕಳು ನುಂಗಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕೆಂದು ಮೈಸೂರಿನವರು ಎಚ್ಚರಿಸಿದ್ದರು. ಆಗ ಭವ್ಯ ಮಗುವಿನ ತುಟಿ ನೋಡಿದಳು. ತೇಜು ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಇವರ ಹುಡುಕಾಟವನ್ನು ಕುತೂಹಲದಿಂದ ನೋಡುತ್ತಿದ್ದಳು.

ಶಿವರಂಜಿನಿ ಮುಂದೆ ಧಾವಿಸಿದಳು. ಭವ್ಯ ಅವಳನ್ನು ಕೈಯಿಂದ ತಡೆದಳು. ಕೂಗಲಿಲ್ಲ, ಬಾಯಿಗೆ ಬೆರಳು ಹಾಕಲಿಲ್ಲ. ಮಗುವಿನ ಎದುರು ಮಂಡಿಯೂರಿ, ಅವಳ ಕಣ್ಣು ತನ್ನ ಕಣ್ಣಿಗೆ ಸಿಗುವ ತನಕ ಕಾದು, ತನ್ನ ಬಾಯಿ ಅಗಲವಾಗಿ ತೆರೆದು, ನಾಲಿಗೆ ಚಾಚಿ, ಕೆಳಗೆ ಅಂಗೈ ಹಿಡಿದಳು.

ತೇಜು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ನಾಲಿಗೆ ಚಾಚಿದಳು. ಅದರ ಮೇಲೆ ಮಷೀನು ಒದ್ದೆಯಾಗಿ, ಬ್ಯಾಟರಿಯ ಬಾಗಿಲು ಮುಚ್ಚಿದಂತೆಯೇ, ಕೂತಿತ್ತು.